ಇರುವೆಗೆ ಒಂದು ಚೊಂಬು ನೀರು

ಹೊಳೆದಂಡೆಯ ಆಶ್ರಮದಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ ವಿರೂಪಾಕ್ಷ ಒಂದು ಮಧ್ಯಾಹ್ನ ಬಟ್ಟೆಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ. ಮುಖ ಗಂಟಿಕ್ಕಿತ್ತು.

"ಓದು ಬಿಟ್ಟೆ ಗುರುಗಳೇ. ಊರಿಗೆ ಹೋಗ್ತೀನಿ."

"ಯಾಕಪ್ಪಾ?" ಎಂದರು ಹೊನ್ನಯ್ಯ ಗುರುಗಳು.

"ಒಂದೇ ಒಂದು ಎಲೆಕ್ಟ್ರಾನು ತಗಡಿನಲ್ಲಿ ಕೊರೆದ ಎರಡು ಸೀಳಿನಲ್ಲೂ ಒಟ್ಟಿಗೇ ಹಾಯುತ್ತಂತೆ. ಎಲ್ಲಿದೆ ಅಂದ್ರೆ, ಅಳೆಯೋ ತನಕ ಇಂಥಾ ಕಡೆ ಅಂತಿಲ್ಲವಂತೆ! ಲೆಕ್ಕವೇನೋ ಸರಿ ಬರುತ್ತೆ, ಮನಸ್ಸು ಒಪ್ಪಲ್ಲ. ನನ್ನ ತಲೆಯಲ್ಲೇ ಏನೋ ಐಬಿದೆ."

"ಹೋಗೋನು ಉಂಡು ಹೋಗು. ಮೊದಲು ಇರುವೆಗೆ ಇಟ್ಟು ಬಾ."

ಇರುವೆಗೆ ಚೂರು ಬೆಲ್ಲ ಇಡದೆ ಆ ಆಶ್ರಮದಲ್ಲಿ ಯಾರೂ ಎಲೆಯ ಮುಂದೆ ಕೂರುತ್ತಿರಲಿಲ್ಲ. ವಿರೂಪಾಕ್ಷ ಗೂಡಿನ ಬಳಿ ಬೆಲ್ಲ ಇಟ್ಟ. ಬಿಸಿಲು ಸುಡುತ್ತಿತ್ತು. ಪಾಪ ಅನ್ನಿಸಿತು. ಕೈಲಿದ್ದ ಚೊಂಬಿನ ನೀರನ್ನೂ ಸುರಿದ.

ಮರುಕ್ಷಣವೇ ಕೂಗಿಕೊಂಡ. "ಅಯ್ಯೋ, ಬನ್ನಿ ಗುರುಗಳೇ! ಸಾಯ್ತಾ ಇವೆ!"

ಗುರುಗಳು ಬಂದು ಒಣಗಿದೆಲೆಯಲ್ಲಿ ಇರುವೆಗಳನ್ನು ಎತ್ತಿ ಎತ್ತಿ ದಡ ಸೇರಿಸಿದರು. ಆಮೇಲೆ ಕೆಸುವಿನೆಲೆಯ ಮೇಲೆ ಬೆರಳತುದಿಯಿಂದ ಒಂದೇ ಹನಿ ಬಿಟ್ಟರು. ಹನಿ ಗುಂಡಗೆ ನಿಂತಿತು. ಇರುವೆಯೊಂದು ಬಂದು ಅದರ ಪಕ್ಕಕ್ಕೆ ಬಾಯಿಟ್ಟು ಕುಡಿಯಿತು. ವಿರೂಪಾಕ್ಷನಿಗೆ ಹೋದ ಜೀವ ಬಂದಂತಾಯಿತು.

"ನೀರು ಎಂಥದ್ದೋ?" ಎಂದು ಗುರುಗಳು ಕೇಳಿದರು.

"ಹರಿಯೋದು. ಮುಳುಗಿ ಏಳೋದು."

"ಹೌದಾ? ಆ ಇರುವೆಗೆ ಹೇಳು ನೋಡೋಣ."

ವಿರೂಪಾಕ್ಷ ಬಗ್ಗಿ ನೋಡಿದ. ಒದ್ದೆ ಇರುವೆಯೊಂದು ಮೈಗೆ ಅಂಟಿದ ನೀರಿನಿಂದ ಕಾಲು ಕಿತ್ತುಕೊಳ್ಳಲು ಇನ್ನೂ ಒದ್ದಾಡುತ್ತಿತ್ತು.

"ಇದಕ್ಕೆ ನೀರು ಅಂಟು, ಗುರುಗಳೇ."

"ನೀರು ಬೇರೆಯಾ?"

"ಅದೇ ನೀರು. ಇರುವೆ ಚಿಕ್ಕದು."

"ಎಲೆಕ್ಟ್ರಾನು ಇದಕ್ಕಿಂತ ಎಷ್ಟು ಚಿಕ್ಕದು?"

ವಿರೂಪಾಕ್ಷ ಬೆರಳು ಮಡಿಸುತ್ತಾ ಸೊನ್ನೆಗಳನ್ನು ಎಣಿಸತೊಡಗಿದ. ಬೆರಳು ಮುಗಿದವು, ಸೊನ್ನೆ ಮುಗಿಯಲಿಲ್ಲ. ಅವನಿಗೇ ನಗು ಬಂತು.

"ಹಾಗಾದ್ರೆ ನನ್ನ ತಲೆ ನೆಟ್ಟಗಿದೆಯಾ?"

"ಎಸೆದ ಮಾವಿನಹಣ್ಣು ಹಿಡೀತೀಯ, ಕತ್ತಲಲ್ಲಿ ಬಾಗಿಲು ಹುಡುಕ್ತೀಯ. ಅಷ್ಟಕ್ಕೆ ಪಳಗಿದ ತಲೆ, ಚೆನ್ನಾಗೇ ಇದೆ. ನೀರು ಸುರಿಯೋ ಮುಂಚೆ ಏನಂದ್ಕೊಂಡೆ?"

"ನನಗೆ ಬಾಯಾರಿತ್ತು. ಅವಕ್ಕೂ ಹೀಗೇ ಇರುತ್ತೆ ಅಂದ್ಕೊಂಡೆ."

ಗುರುಗಳು ಅವನ ಬಟ್ಟೆಗಂಟನ್ನು ತಾವೇ ಬಿಚ್ಚಿ, ಪುಸ್ತಕ ತೆಗೆದು ಕೈಗಿಟ್ಟರು.

"ಎಲೆಕ್ಟ್ರಾನಿಗೂ ನಿನ್ನ ಹಾಗೇ ಅಂದ್ಕೊಂಡು ಸುರಿದೀಯ. ನಾಳೆ ಕಾಲೇಜಿಗೆ ಹೋಗುವಾಗ ಈ ಚೊಂಬನ್ನ ಇಲ್ಲೇ ಬಿಟ್ಟು ಹೋಗು."