ಹೆಂಡತಿಯ ಪಾತ್ರ

“ಗುರುಗಳೇ, ನಾಟಕ ಆಡುವುದರಿಂದ ಜನ ಬದಲಾಗುತ್ತಾರೆಯೇ?” ಎಂದು ಶಿಷ್ಯ ಕೇಳಿದ. ಅವನು ಗೆಳೆಯರನ್ನು ಕಟ್ಟಿಕೊಂಡು ಊರೂರಲ್ಲಿ ನಾಟಕ ಆಡಿ ಬಂದಿದ್ದ. “ಜನ ನೋಡುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮನೆಗೆ ಹೋಗಿ ಮೊದಲಿನಂತೆಯೇ ಇರುತ್ತಾರೆ. ನನಗೆ ಬೇಸರ ಬಂದಿದೆ.”

ಗುರುಗಳು ಒಂದು ಕತೆ ಹೇಳತೊಡಗಿದರು.

ನೇಕಾರರ ಓಣಿಯೊಂದರಲ್ಲಿ ಪರ್ವತಪ್ಪನೆಂಬವನಿದ್ದ. ಮಗ್ಗದ ಕೆಲಸದಲ್ಲಿ ಗಟ್ಟಿಗ. ಕಂಠವೂ ಚೆನ್ನಾಗಿತ್ತು. ಆದರೆ ಸಿಟ್ಟು ಬಂದರೆ ಹೆಂಡತಿ ಸಾತವ್ವನನ್ನು ಹೊಡೆಯುತ್ತಿದ್ದ. ಅವಳು ಕೂಗುತ್ತಿರಲಿಲ್ಲ. ಏಟಿನ ಸದ್ದು ಮಾತ್ರ ಗೋಡೆಯಾಚೆಗೆ ಕೇಳುತ್ತಿತ್ತು. ಗಂಡ ಹೆಂಡಿರ ನಡುವೆ ನಮಗೇನು ಕೆಲಸ ಎಂದು ನೆರೆಯವರು ಬಾಗಿಲು ಎಳೆದುಕೊಳ್ಳುತ್ತಿದ್ದರು.

ಹಿಂದೆ ನಾಟಕ ಕಂಪನಿಯಲ್ಲಿದ್ದ ಒಬ್ಬ ಮುದುಕಿ ಆ ಓಣಿಗೆ ಬಂದು ನೆಲೆಸಿದಳು. ಓಣಿಯವರೇ ಸೇರಿ ಒಂದು ಆಟ ಕಟ್ಟೋಣ ಎಂದಳು. ಗಂಡನಿಂದ ಏಟು ತಿನ್ನುವ ಹೆಣ್ಣಿನ ಕತೆ. ಆ ಪಾತ್ರಕ್ಕೆ ಹೆಂಗಸರಾರೂ ಮುಂದೆ ಬರಲಿಲ್ಲ. ಮುದುಕಿ ಪರ್ವತಪ್ಪನನ್ನು ಕೇಳಿದಳು. ಒಳ್ಳೆಯ ಹಾಡುಗಳೆಲ್ಲ ಆ ಪಾತ್ರಕ್ಕೇ ಇದ್ದವು. ಹಾಡುವ ಆಸೆಗೆ ಅವನು ಒಪ್ಪಿದ.

ತಾಲೀಮಿನಲ್ಲಿ ಹಾಡು ಬೇಗ ಬಂತು. ಏಟು ತಿನ್ನುವುದು ಬರಲಿಲ್ಲ. ಗಂಡನ ಪಾತ್ರದವನು ಕೈ ಬೀಸಿದ ಮೇಲೆ ಪರ್ವತಪ್ಪ ಧೊಪ್ಪನೆ ಬೀಳುತ್ತಿದ್ದ. ನೋಡುವವರಿಗೆ ನಗು ಬರುತ್ತಿತ್ತು.

“ಕೈ ಮ್ಯಾಲೆ ಏಳೂದಕ್ಕೂ ಮೊದಲ ಹೆಗಲು ಕುಗ್ಗಬೇಕು,” ಎಂದಳು ಮುದುಕಿ.

“ಹೊಡೀತಾನ ಅಂತ ಆಕಿಗೆ ಮೊದಲ ಹ್ಯಾಂಗ ಗೊತ್ತಾಗತೈತಿ?”

“ಮನಿಗಿ ಹೋಗಿ ಕೇಳು.”

ಅವನು ಮನೆಗೆ ಹೋದ. ಕೇಳಲು ಬಾಯಿ ಬರಲಿಲ್ಲ. ಸಾತವ್ವ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದಳು. ಅವಳ ತಲೆಯ ಮೇಲಿನ ಗೂಟದಲ್ಲಿ ಅವನ ವಸ್ತ್ರ ತೂಗುತ್ತಿತ್ತು. ಅದನ್ನು ತೆಗೆಯಲು ಅವನು ಕೈ ಚಾಚಿದ. ಅವಳ ಹೆಗಲು ಕುಗ್ಗಿತು. ಕಣ್ಣು ಮುಚ್ಚಿಕೊಂಡವು. ಕೈಗಳು ಮಾತ್ರ ನೂಲು ಸುತ್ತುತ್ತಲೇ ಇದ್ದವು. ಪರ್ವತಪ್ಪ ವಸ್ತ್ರ ತೆಗೆದುಕೊಳ್ಳದೆ ಹೊರಗೆ ಬಂದು ಜಗಲಿಯ ಮೇಲೆ ಕುಳಿತ.

ಅಮಾವಾಸ್ಯೆಯ ದಿನ ಮಗ್ಗಗಳಿಗೆ ಬಿಡುವು. ಬಿಸಿಲು ಇಳಿಯುವ ಹೊತ್ತಿಗೆ ಓಣಿಯ ನಡುವೆಯೇ ಆಟ ಶುರುವಾಯಿತು. ಸೀರೆ ಉಟ್ಟು ಬಂದ ಪರ್ವತಪ್ಪನನ್ನು ಕಂಡು ಜನ ನಕ್ಕರು. ಹಾಡು ಕೇಳಿ ತಲೆದೂಗಿದರು. ಗಂಡನ ಪಾತ್ರದವನು ಹತ್ತಿರ ಬಂದ. ಕೈ ಇನ್ನೂ ಕೆಳಗೇ ಇತ್ತು. ಪರ್ವತಪ್ಪನ ಹೆಗಲು ಕುಗ್ಗಿತು, ಕಣ್ಣು ಮುಚ್ಚಿಕೊಂಡವು. ಥೇಟ್ ಸಾತವ್ವ.

ಕೈ ಮೇಲೆದ್ದಿತು.

“ಹೊಡೀಬ್ಯಾಡೋ!”

ಕೂಗಿದವಳು ಸಾತವ್ವ. ಜನರ ನಡುವೆ ಎದ್ದು ನಿಂತಿದ್ದಳು. ತಬಲಾ ನಿಂತಿತು. ಗಂಡನ ಪಾತ್ರದವನು ಕೈ ಇಳಿಸಿದ. ಅವಳ ದನಿ ಅಷ್ಟು ದೊಡ್ಡದು ಎಂದು ಓಣಿಗೆ ಅಂದೇ ತಿಳಿದದ್ದು. ಪರ್ವತಪ್ಪ ಕಣ್ಣು ತೆರೆದು ಹೆಂಡತಿಯನ್ನು ನೋಡಿದ. ಮುಂದಿನ ಹಾಡು ಅವನ ಬಾಯಿಗೆ ಬರಲಿಲ್ಲ. ಪಕ್ಕದ ಮನೆಯ ಹೆಂಗಸು ತಲೆ ತಗ್ಗಿಸಿಕೊಂಡು ಬಂದು ಸಾತವ್ವನ ಕೈ ಹಿಡಿದು ನಿಂತಳು. ಆಟ ಅಲ್ಲಿಗೇ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಂತಮ್ಮ ಚಾಪೆ ಸುತ್ತಿಕೊಂಡು ಜನ ಮನೆಗೆ ಹೋದರು.

ಆಮೇಲೆ ಬಹಳ ದಿನ ಪರ್ವತಪ್ಪನ ಕೈ ಏಳಲಿಲ್ಲ. ಆದರೆ ಹಳೆಯ ಸಿಟ್ಟು ಎಲ್ಲಿಗೆ ಹೋಗುತ್ತದೆ? ಒಂದು ದಿನ ಮಗ್ಗಕ್ಕೆ ಬಿಗಿದ ಹಾಸುನೂಲು ಕೆಟ್ಟು ಎಳೆಗಳು ಹರಿದವು. ಅವನು ಮಗ್ಗದಿಂದ ಎದ್ದು ಬಂದು ಕೈ ಎತ್ತಿದ. ಸಾತವ್ವ ಕೂಗಿದಳು. ಈ ಸಲ ತನಗಾಗಿಯೇ ಕೂಗಿದಳು. ಪಕ್ಕದ ಮನೆಯ ಹೆಂಗಸು ಓಡಿ ಬಂದಳು. ಗಂಡನ ಪಾತ್ರ ಮಾಡಿದವನು ಬಂದ. ತಬಲಾ ಬಾರಿಸಿದವನು ಬಂದ. ಮುದುಕಿ ಕೋಲೂರಿಕೊಂಡು ಎಲ್ಲರ ಹಿಂದೆ ಬಂದಳು. ಬಾಗಿಲು ತುಂಬ ನಿಂತರು. ಪರ್ವತಪ್ಪ ಅವರನ್ನು ನೋಡಿದ. ಕೈ ಇಳಿಸಿ ನೆಲದ ಮೇಲೆ ಕುಳಿತು ಮುಖ ಮುಚ್ಚಿಕೊಂಡ. ಅಂದಿನಿಂದ ಅವನ ಕೈ ಎದ್ದದ್ದನ್ನು ಓಣಿ ನೋಡಲಿಲ್ಲ, ಏಟಿನ ಸದ್ದನ್ನೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಹಾಗಾದರೆ ಆಟವೊಂದರಿಂದಲೇ ಅವನು ಬದಲಾಗಲಿಲ್ಲ, ಅಲ್ಲವೇ?”

ಗುರುಗಳು ಮೆಲ್ಲಗೆ ಕೇಳಿದರು: “ಆಟ ಮುಗಿದ ಮೇಲೆ ನೀನು ಯಾರ ಮನೆ ಬಾಗಿಲಿಗೆ ಹೋಗಿದ್ದೆಯಪ್ಪಾ?”