ಕೆಂಪು ಮೇಣ ಬಚ್ಚಿಟ್ಟ ಕರಿದಾರ

ಉರಿದುಳಿದ ಮೇಣದಬತ್ತಿಯ ತುಂಡುಗಳಿಂದ ಹೊಸದು ಮಾಡಲು ಸೆವ್ರಿನ್‌ಬಾಯಿ ಕುದಿನೀರಿನ ಮೇಲೆ ಪಾತ್ರೆ ಇಟ್ಟಳು. ಡಬ್ಬಿಯಲ್ಲಿದ್ದ ಕೆಂಪು ತುಂಡು ಅದನ್ನು ನೋಡಿ ಕೇಳಿತು:

"ಕರಗಿದ ಮೇಲೆ ನಾನು ನಾನಾಗಿ ಉಳಿಯುತ್ತೇನೆಯೇ?"

ಅದರ ಹೊಟ್ಟೆಯಲ್ಲಿದ್ದ ಸುಟ್ಟ ದಾರ ಪಿಸುಗುಟ್ಟಿತು: "ನನ್ನನ್ನು ಬಿಡಬೇಡ ಮಾರಾಯ. ನಿನ್ನ ಹಳೆಯ ಗುರುತು ಅಂತ ಇರುವುದು ನಾನೊಬ್ಬನೇ."

ಕೆಂಪು, ಬಿಳಿ ತುಂಡುಗಳೆಲ್ಲ ಕರಗಿದವು, ಇನ್ನೂ ಬೆರೆತಿರಲಿಲ್ಲ. ಸೋಸುವ ಬಟ್ಟೆ ಎಚ್ಚರಿಸಿತು: "ಸುಟ್ಟ ದಾರ ಇಟ್ಟುಕೊಂಡವರು ಈಗಲೇ ಹೇಳಿಬಿಡಿ. ನನ್ನ ಮೂಲೆಯಲ್ಲಿ ತೂತಿದೆ, ದಾರ ಅದರಲ್ಲಿ ನುಸುಳಿಬಿಡಬಹುದು. ಎಲ್ಲ ಸೋಸುತ್ತೇನೆಂದು ಸುಳ್ಳು ಭರವಸೆ ಕೊಟ್ಟು ಮಾಲು ದಾಟಿಸುವವಳು ನಾನಲ್ಲ. ಸುಟ್ಟ ದಾರ ಒಳಗುಳಿದರೆ ಹೊಸ ಬತ್ತಿಯ ಪಕ್ಕದಲ್ಲಿ ಇನ್ನೊಂದು ಉರಿ ಏಳುತ್ತದೆ."

"ನಮ್ಮ ಹೊಟ್ಟೆ ಸ್ವಚ್ಛವಾಗಿದೆ, ಸುಮ್ಮನೆ ಸೋಸಕ್ಕಾ!" ಎಂದು ಬಿಳಿ ಮೇಣ ನಕ್ಕಿತು.

ಕೆಂಪು ಮೇಣ ಹೆದರಿ ಬಾಯಿ ಬಿಡಲಿಲ್ಲ. ದಾರವನ್ನು ಅಪ್ಪಿಕೊಂಡೇ ತೂತಿನಲ್ಲಿ ನುಸುಳಿತು.

ಲೋಟದಲ್ಲಿ ಹೊಸ ದಾರದ ಸುತ್ತ ಎಲ್ಲವೂ ಸೇರಿ ಒಂದೇ ತಿಳಿಗೆಂಪು ಮೇಣದಬತ್ತಿಯಾಯಿತು. ಸಂಜೆ ಕರೆಂಟು ಹೋದಾಗ ಸೆವ್ರಿನ್‌ಬಾಯಿ ಅದನ್ನು ಲೋಟದಿಂದ ತೆಗೆದು ಮೇಜಿನ ಮೇಲಿಟ್ಟು ಹಚ್ಚಿದಳು. ಉರಿ ಅರ್ಧಕ್ಕೆ ಇಳಿಯುತ್ತಲೇ ಕರಿದಾರಕ್ಕೂ ತಗುಲಿತು. ಪಕ್ಕ ಒಡೆದು ಉರಿಯುವ ಮೇಣ ಮೇಜಿನ ಮೇಲೆ ಸುರಿಯತೊಡಗಿತು.

"ಅಯ್ಯೋ, ಮೇಜಿಗೆ ಬೆಂಕಿ!" ಎಂದು ಸೆವ್ರಿನ್‌ಬಾಯಿ ಒದ್ದೆ ಗೋಣಿ ತರಲು ಓಡಿದಳು.

"ಯಾರು ತಂದದ್ದು ಇದನ್ನು? ಯಾರು ಬಚ್ಚಿಟ್ಟದ್ದು?" ಎಂದು ಮೇಣ ಚೀರಿತು.

ತಪ್ಪೊಪ್ಪಿಕೊಳ್ಳಲು ಕೆಂಪು ಮೇಣ ಬೇರೆಯಾಗಿ ಉಳಿದಿರಲಿಲ್ಲ. ಹಾಗೆ ಕೇಳಲು ಬಿಳಿ ಮೇಣವೂ ಉಳಿದಿರಲಿಲ್ಲ. ಕೇಳುತ್ತಿದ್ದದ್ದೂ ಉರಿಯುತ್ತಿದ್ದದ್ದೂ ಬಚ್ಚಿಟ್ಟದ್ದೂ ಒಂದೇ ಮೇಣ.