ನಿಲ್ಲುವ ವರಸೆ

ಕಪಿಲಾ ನದಿಯ ದಡದಲ್ಲಿ ಜವರಪ್ಪ ಎಂಬ ಗುರುವಿದ್ದರು.

ಗುರು ಎಂದ ಕೂಡಲೇ ಗಡ್ಡ, ಕಾವಿ, ಕಣ್ಣು ಮುಚ್ಚಿ ಕೂತ ಮುಖ ನೆನೆಸಿಕೊಳ್ಳಬೇಡಿ. ಇವರು ಕಲಿಸುತ್ತಿದ್ದದ್ದು ದೊಣ್ಣೆವರಸೆ. ಆಶ್ರಮವೆಂದರೆ ಒಂದು ಹೆಂಚಿನ ಗರಡಿಮನೆ, ಮುಂದೆ ಒಂದಿಷ್ಟು ಮರಳು, ಹಿಂದೆ ಅಡುಗೆಮನೆ. ಉಪದೇಶ ಕೇಳಲು ಬಂದವರಿಗೆ ಬಿದಿರಿನ ದೊಣ್ಣೆಯೇ ಉತ್ತರ ಕೊಡುತ್ತಿತ್ತು.

ಈಗ ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಗುರುಗಳ ಬಲಗೈಗೆ ನಡುಕ ಹತ್ತಿತ್ತು. ಮೊದಲು ಬೆರಳಿಗೆ, ಆಮೇಲೆ ಮಣಿಕಟ್ಟಿಗೆ, ಆಮೇಲೆ ಭುಜದವರೆಗೆ. ಇದು ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಮೆತ್ತಗೆ ಹೇಳಿ ಕಳಿಸಿದ್ದರು. ಜೊತೆಗಿದ್ದ ತಂಗಿ ಕೆಂಪಾಜಮ್ಮ ಅಣ್ಣನಿಗೆ ಕಾಫಿಯನ್ನು ಅರ್ಧ ಲೋಟವೇ ಕೊಡುತ್ತಿದ್ದರು. ತುಂಬ ಕೊಟ್ಟರೆ ಎದೆಯ ಮೇಲೆ ಚೆಲ್ಲುತ್ತಿತ್ತು.

ನಡುಕ ಬಂತಲ್ಲ ಎಂದು ಗುರುಗಳಿಗೆ ಅಷ್ಟೇನೂ ದುಃಖವಿರಲಿಲ್ಲ. ವಯಸ್ಸಾದ ಮೇಲೆ ಮೈ ಮಾತು ಕೇಳುವುದಿಲ್ಲ ಎಂದು ಅವರೇ ಎಷ್ಟೋ ಜನಕ್ಕೆ ಹೇಳಿ ನಕ್ಕಿದ್ದರು. ಅವರ ದುಃಖವೆಲ್ಲ ಒಂದೇ ಒಂದು ವರಸೆಯದು.

ಅದಕ್ಕೆ ನಿಲ್ಲುವ ವರಸೆ ಎಂದು ಹೆಸರು. ಉಳಿದ ವರಸೆಗಳಿರುವುದು ಹೊಡೆಯುವುದಕ್ಕೆ, ಇಲ್ಲವೇ ತಪ್ಪಿಸಿಕೊಳ್ಳುವುದಕ್ಕೆ. ಇದರಲ್ಲಿ ದೊಣ್ಣೆ ಪೂರ್ತಿ ಬಲದಿಂದ ಬಂದು ಎದುರಾಳಿಯ ಹಣೆಯ ಹತ್ತಿರ ನಿಂತುಬಿಡುತ್ತದೆ. ಏಟು ಬೀಳುವುದಿಲ್ಲ. ಎದುರಿಗಿದ್ದವನ ಕೋಪ ಅಲ್ಲಿಗೇ ಇಳಿದುಹೋಗುತ್ತದೆ. ಜವರಪ್ಪನವರ ಗುರುಗಳು ಅದನ್ನು ಇವರೊಬ್ಬರಿಗೇ ಕೊಟ್ಟು ಹೋಗಿದ್ದರು. ಇವರು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

ಕೊಡಬೇಕೆಂದಿದ್ದದ್ದು ಇಂದ್ರೇಶ ಎಂಬ ಶಿಷ್ಯನಿಗೆ. ಅವನು ಕೇಳಿದಾಗಲೆಲ್ಲ ಗುರುಗಳು ಅವನ ಕೈ ನೋಡಿ ತಲೆಯಾಡಿಸುತ್ತಿದ್ದರು.

"ಇನ್ನೂ ಆಗಿಲ್ಲ ಕಣಪ್ಪ. ನಿನ್ನ ಕೈಗೆ ಇನ್ನೂ ಹೊಡೆಯೋ ಆಸೆ ಇದೆ."

ಕೊನೆಗೊಂದು ದಿನ ಇಂದ್ರೇಶನಿಗೆ ಸಿಟ್ಟು ನೆತ್ತಿಗೇರಿತು. ನೀವು ಸಾಯುವ ದಿನ ಕೊಡುತ್ತೀರೇನೋ ಎಂದು ಅಂದೇಬಿಟ್ಟ. ದೊಣ್ಣೆಯನ್ನು ಮರಳಿನ ಮೇಲೆ ಬಿಸಾಕಿ ಮೈಸೂರಿಗೆ ಹೊರಟುಹೋದ. ಗುರುಗಳು ಕರೆಯಲಿಲ್ಲ, ಅವನೂ ತಿರುಗಿ ನೋಡಲಿಲ್ಲ. ಇಬ್ಬರೂ ಹಟದಲ್ಲಿ ಒಬ್ಬರಿಗಿಂತ ಒಬ್ಬರು ಮೇಲು.

ಮೈಸೂರಿನ ಒಂದು ಮಾಲಿನಲ್ಲಿ ಅವನಿಗೆ ವಿಡಿಯೋ ಗೇಮ್ ಅಂಗಡಿಯ ಕೆಲಸ ಸಿಕ್ಕಿತು. ಅಲ್ಲಿ ಕಾಳಗದ ಆಟವೊಂದಿತ್ತು. ಕೈಯಲ್ಲೊಂದು ಪ್ಲಾಸ್ಟಿಕ್ ಕಂಟ್ರೋಲರ್ ಹಿಡಿದು ಬೀಸಿದರೆ ಟಿ.ವಿ. ಪರದೆಯ ಮೇಲಿನ ಗೊಂಬೆಯೂ ಹಾಗೇ ದೊಣ್ಣೆ ಬೀಸುತ್ತಿತ್ತು. ಕೈ ಎತ್ತ ಹೋದರೆ ಗೊಂಬೆಯ ಕೈಯೂ ಅತ್ತ.

ಮೊದಮೊದಲು ಇಂದ್ರೇಶ ಗುರುಗಳು ಕಲಿಸಿದಂತೆ ಕಾಲೂರಿ, ಸೊಂಟ ತಿರುಗಿಸಿ, ಭುಜದಿಂದ ಬೀಸಿದ. ಐಸ್‌ಕ್ರೀಮ್ ತಿನ್ನುತ್ತಾ ಸ್ಟೂಲಿನ ಮೇಲೆ ಕೂತ ಕಾಲೇಜು ಹುಡುಗಿಯರು ಅವನನ್ನು ಸೋಲಿಸಿದರು. ಅವರು ಮಣಿಕಟ್ಟನ್ನು ಸುಮ್ಮನೆ ಕೊಡವುತ್ತಿದ್ದರು, ಅಷ್ಟೆ. ಯಂತ್ರ ಕೇಳುವುದೂ ಅಷ್ಟನ್ನೇ ಎಂದು ಅವನಿಗೆ ತಿಳಿಯಿತು. ಅವನೂ ಕೊಡವುವುದನ್ನು ಕಲಿತ. ಆಮೇಲೆ ಅವನನ್ನು ಸೋಲಿಸುವವರು ಇರಲಿಲ್ಲ. ಎಲ್ಲರೂ ಅವನನ್ನು ಮಾಸ್ಟರ್ ಎಂದು ಕರೆಯತೊಡಗಿದರು.

ಹೀಗಿರುವಾಗ ಕೆಂಪಾಜಮ್ಮ ಫೋನು ಮಾಡಿ ಗುರುಗಳ ಕೈಯ ವಿಷಯ ಹೇಳಿದರು. ಇಂದ್ರೇಶ ಅವತ್ತೇ ಬಸ್ಸು ಹತ್ತಿದ. ತಾನು ಅಂದ ಮಾತು ದಾರಿಯುದ್ದಕ್ಕೂ ಅವನನ್ನು ಸುಡುತ್ತಿತ್ತು.

ಗುರುಗಳು ಕಂಬಕ್ಕೆ ಒರಗಿ ಕೂತಿದ್ದರು. ಅವನು ಕಾಲಿಗೆ ಬಿದ್ದಾಗ ಎಡಗೈಯಿಂದ ತಲೆ ಮುಟ್ಟಿದರು. ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ತಾನು ಅದುರುತ್ತಿತ್ತು. ಎಲ್ಲಿದ್ದೆ, ಯಾಕೆ ಹೋದೆ ಎಂದು ಒಂದು ಮಾತೂ ಕೇಳಲಿಲ್ಲ. ಮೂಲೆಯಲ್ಲಿದ್ದ ದೊಣ್ಣೆ ತೋರಿಸಿ ಮೊದಲನೆಯ ವರಸೆ ಮಾಡು ಎಂದರು.

ಅವನು ಮರಳಿಗಿಳಿದು ಮಾಡಿದ. ಏಟು ಭುಜದಿಂದ ಹೊರಟು ಮಣಿಕಟ್ಟಿನಲ್ಲಿ ಮುಗಿದುಹೋಯಿತು.

"ಏನಪ್ಪ, ನೊಣ ಓಡಿಸ್ತಿದ್ದೀಯಾ?"

ಇಂದ್ರೇಶ ತಲೆ ತಗ್ಗಿಸಿದ. ತಾನು ಮಾಡುವ ಕೆಲಸ ಏನೆಂದು ಹೇಳಿಕೊಂಡ. ಗುರುಗಳು ಬೈಯಲಿಲ್ಲ. ಗೊಂಬೆಗಳು ಹೊಡೆದಾಡುವುದಕ್ಕೆ ಜನ ಕೈ ಬೀಸುತ್ತಾರೆಯೇ ಎಂದು ಅಚ್ಚರಿಪಟ್ಟು, ಹೊಡೆಸಿಕೊಂಡವರಿಗೆ ನೋವಾಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದ. ಹಾಗಾದರೆ ಅವರು ಕಲಿಯುವುದು ಹೇಗೆ ಎಂದರು.

ಮಾರನೆಯ ದಿನ ಅವನು ಕೈಮುಗಿದು ಕೇಳಿದ. "ಗುರುಗಳೇ, ಆ ವರಸೆ."

"ಈಗ ಕೊಡ್ತೀನಿ ಕಣಪ್ಪ. ತಗೊಳ್ಳೋಕೆ ನೀನಿದ್ದೀಯ." ಅದುರುವ ಕೈಯನ್ನು ಮುಂದೆ ಚಾಚಿದರು. "ಕೊಡೋಕೆ ಇದಿಲ್ಲ."

ಬಾಯಲ್ಲಿ ಹೇಳಿ ಎಂದು ಅವನು ಬೇಡಿಕೊಂಡ. ಅವರು ಪ್ರಯತ್ನಪಟ್ಟರು. ಕಾಲು ಹೀಗೆ, ಉಸಿರು ಹೀಗೆ, ಆಮೇಲೆ ಕೈ... ಅಲ್ಲಿಗೆ ಬಂದು ತಡವರಿಸಿದರು. ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಅಲ್ಲೇ ಮಾತು ನಿಂತಿತು. ಇಷ್ಟು ವರ್ಷ ಅದು ಕೈಗೆ ಗೊತ್ತಿತ್ತೇ ಹೊರತು ಬಾಯಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಂಪಾಜಮ್ಮ ಅವನನ್ನು ಅಡುಗೆಮನೆಗೆ ಕರೆದರು. ಅಣ್ಣ ಸರಿಯಾಗಿ ಊಟ ಮಾಡಿ ತಿಂಗಳುಗಳಾದವು, ತನ್ನ ಜೊತೆಗೇ ಆ ವರಸೆಯೂ ಮಣ್ಣಾಗುತ್ತದೆ ಎಂದು ಒಬ್ಬನೇ ಗೊಣಗುತ್ತಾನೆ ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬಂತು ಅಂತ ಒಂದು ಸುಳ್ಳು ಹೇಳ್ಬಿಡಪ್ಪ. ಎರಡು ತುತ್ತು ತಿಂದಾನು."

ಇಂದ್ರೇಶನ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಹೊಕ್ಕಿತ್ತು. ಮೈಸೂರಿಗೆ ಹೋಗಿ ಅಂಗಡಿಯ ಟಿ.ವಿ., ಆಟದ ಪೆಟ್ಟಿಗೆ, ಕಂಟ್ರೋಲರ್ ಎಲ್ಲವನ್ನೂ ಕೇಳಿಕೊಂಡು ಆಟೋದಲ್ಲಿ ಹೇರಿಸಿಕೊಂಡು ಬಂದ.

ಮರಳಿನ ಕಡೆಗಿದ್ದ ಗರಡಿಯ ಹೊರಗೋಡೆಗೆ ಟಿ.ವಿ. ಒರಗಿಸಿ ಗುರುಗಳಿಗೆ ವಿವರಿಸಿದ. ಇದಕ್ಕೆ ದೊಣ್ಣೆಯ ಭಾರವಿಲ್ಲ. ಶಕ್ತಿಯೂ ಬೇಡ. ನೀವು ಕೈಯಾಡಿಸಿದರೆ ಸಾಕು, ಗೊಂಬೆ ಪೂರ್ತಿ ವರಸೆ ಮಾಡುತ್ತದೆ. ಮಾಡಿದ್ದನ್ನು ಇಟ್ಟುಕೊಂಡು ಬೇಕಾದಷ್ಟು ಸಲ ತೋರಿಸುತ್ತದೆ. ನಾನು ಅದನ್ನು ನೋಡಿ ಕಲಿಯುತ್ತೇನೆ.

ಗುರುಗಳ ಮುಖ ಅರಳಿತು. ಕೆಂಪಾಜಮ್ಮನನ್ನು ಕರೆದು ಕಚ್ಚೆ ಬಿಗಿಯಾಗಿ ಕಟ್ಟಿಸಿಕೊಂಡರು. ಪ್ಲಾಸ್ಟಿಕ್ ಕಂಟ್ರೋಲರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ದೊಣ್ಣೆಯನ್ನು ಒತ್ತಿಕೊಳ್ಳುವ ಹಾಗೆಯೇ ಕಣ್ಣಿಗೊತ್ತಿಕೊಂಡರು. ಅದನ್ನು ನೋಡಿ ಇಂದ್ರೇಶನಿಗೆ ಅಳು ಬಂತು.

ಆಟ ಶುರುವಾಗುವ ಮೊದಲು ಕಂಟ್ರೋಲರನ್ನು ಒಂದು ಗಳಿಗೆ ಅಲುಗದ ಹಾಗೆ ಹಿಡಿಯಬೇಕಿತ್ತು. ಆಗಲಿಲ್ಲ. ಇಂದ್ರೇಶ ಅದನ್ನು ನೆಲದ ಮೇಲಿಟ್ಟು, ಯಂತ್ರ ಒಪ್ಪಿಕೊಂಡ ಮೇಲೆ ಮತ್ತೆ ಅವರ ಕೈಗೆ ಕೊಟ್ಟ.

ಕೊಟ್ಟದ್ದೇ ತಡ, ಪರದೆಯ ಮೇಲೆ ಗೊಂಬೆ ಹುಚ್ಚೆದ್ದು ಬೀಸತೊಡಗಿತು. ಎದುರಿಗಿದ್ದ ಗೊಂಬೆಯ ತಲೆಗೆ, ಭುಜಕ್ಕೆ, ಮತ್ತೆ ತಲೆಗೆ ಏಟಿನ ಮೇಲೆ ಏಟು. ಅದು ನೆಲಕ್ಕೆ ಬಿತ್ತು. ಕಹಳೆ ಮೊಳಗಿತು.

ಗುರುಗಳು ಗಾಬರಿಯಿಂದ ನೋಡಿದರು. "ನಾನಿನ್ನೂ ಶುರುವೇ ಮಾಡಿಲ್ಲ."

"ನೀವು ಗೆದ್ದಿರಿ ಗುರುಗಳೇ."

"ಯಾರನ್ನ?"

ಇಂದ್ರೇಶ ಬೇಗಬೇಗ ಆಟ ನಿಲ್ಲಿಸಿದ. ಅವರ ಹಿಂದೆ ಬಂದು ನಿಂತು, ಅದುರುವ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಭದ್ರವಾಗಿ ಹಿಡಿದ. ಈಗ ಮಾಡೋಣ, ನೀವು ಎಳೆದ ಕಡೆಗೆ ನಾನು ಬರುತ್ತೇನೆ ಎಂದ. ಇಬ್ಬರೂ ಸೇರಿ ಕೈ ಎತ್ತಿದರು. ಗೊಂಬೆ ದೊಣ್ಣೆ ಎತ್ತಿತು. ಇಬ್ಬರೂ ಸೇರಿ ಬೀಸಿದರು. ಗೊಂಬೆಯ ದೊಣ್ಣೆ ಸುಯ್ಯೆಂದು ಬಂದು ಎದುರಿನ ಗೊಂಬೆಯ ಹಣೆಯ ಹತ್ತಿರ ನಿಂತಿತು.

ಕೆಂಪಾಜಮ್ಮ ಬಾಗಿಲಿನಿಂದಲೇ ಅವನಿಗೆ ಕಣ್ಸನ್ನೆ ಮಾಡಿದರು. ಈಗ ಹೇಳು ಎಂದು.

"ಬಂತು ಗುರುಗಳೇ" ಎಂದ ಇಂದ್ರೇಶ. "ಇದೇ ಅಲ್ವಾ?"

ಗುರುಗಳು ಪರದೆಯನ್ನು ತುಂಬ ಹೊತ್ತು ನೋಡಿದರು. ಹೌದು ಎನ್ನುವುದು ಅವರಿಗೂ ಬೇಕಾಗಿತ್ತು, ಮುಖದಲ್ಲಿ ಕಾಣುತ್ತಿತ್ತು.

"ಅಲ್ಲಪ್ಪ. ನಿಂತದ್ದು ನಿನ್ನ ಕೈ. ನನ್ನದು ಅದರೊಳಗೆ ಸುಮ್ಮನೆ ಇತ್ತು."

ಇಂದ್ರೇಶ ಸೋಲೊಪ್ಪಲಿಲ್ಲ. ಯಂತ್ರದಲ್ಲಿ ಒಂದು ಸೆಟ್ಟಿಂಗ್ ಇತ್ತು. ಕೈಯ ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಅದಕ್ಕೆ ಹೇಳಬಹುದಿತ್ತು. ನಡುಕವನ್ನು ಬಿಟ್ಟು ಏಟನ್ನು ಮಾತ್ರ ಹಿಡಿಯುವ ಜಾಗ ಎಲ್ಲೋ ಇದ್ದೇ ಇರಬೇಕು ಎಂದುಕೊಂಡು ಟಿ.ವಿ.ಯ ಮುಂದೆ ಮಂಡಿಯೂರಿ ಕೂತ.

ಯಂತ್ರದ ಸೂಕ್ಷ್ಮತೆಯನ್ನು ಸ್ವಲ್ಪ ಕಡಿಮೆ ಮಾಡಿದ. ಗೊಂಬೆ ಇನ್ನೂ ಒದ್ದಾಡುತ್ತಿತ್ತು. ಇನ್ನಷ್ಟು ಕಡಿಮೆ ಮಾಡಿದ. ಒದ್ದಾಟ ಕಡಿಮೆಯಾಯಿತು. ಹಿಂದೆ ಗುರುಗಳು ಕಂಟ್ರೋಲರ್ ಹಿಡಿದು ಕಾಯುತ್ತಾ ನಿಂತಿದ್ದರು. ಅವರ ಉಸಿರು ಜೋರಾಗಿತ್ತು. ಅವನ ಕಣ್ಣು, ಮೈ, ಮನಸ್ಸು ಎಲ್ಲ ಪರದೆಯಲ್ಲಿತ್ತು.

ಕೊನೆಗೆ ಗೊಂಬೆ ಅಲುಗದೆ ನಿಂತಿತು. ಇಂದ್ರೇಶನಿಗೆ ಜೀವ ಬಂದಂತಾಯಿತು.

"ಹ್ಞಾ, ಈಗ ನೋಡೋಣ" ಎಂದ, ಯಂತ್ರಕ್ಕೆ.

ಹಿಂದೆ ಮರಳಿನ ಮೇಲೆ ಕಾಲು ಸರಿದ ಸದ್ದಾಯಿತು. ಯಾರೋ ಉಸಿರು ಎಳೆದುಕೊಂಡರು. ಅವನು ತಿರುಗಲಿಲ್ಲ. ಗೊಂಬೆ ಮಿಸುಕಿರಲಿಲ್ಲ, ಹಾಗಾಗಿ ಏನೂ ಆಗಿಲ್ಲ ಎಂದೇ ಅವನ ಲೆಕ್ಕ.

"ಸರಿಹೋಯ್ತು ಗುರುಗಳೇ" ಎಂದ, ಪರದೆಯಿಂದ ಕಣ್ಣು ಕೀಳದೆ. "ಶುರು ಮಾಡಿ."

ಅವನು ತಿರುಗಿ ನೋಡಿದ. ಗುರುಗಳು ಕಂಬ ಹಿಡಿದು ಮೆಲ್ಲಗೆ ಕೆಳಗೆ ಕೂರುತ್ತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕೈ ಮೊದಲಿನಂತೆಯೇ ಅದುರುತ್ತಿತ್ತು. ಕೆಂಪಾಜಮ್ಮ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

"ನಿಂತಿತ್ತು ಕಣಪ್ಪ" ಎಂದರು ಕೆಂಪಾಜಮ್ಮ. "ನಾನು ನೋಡ್ದೆ. ಅಣ್ಣನ ಕೈ ಬೀಸಿ ಬಂದು ಗಾಳಿಯಲ್ಲಿ ಹಂಗೇ ನಿಂತಿತ್ತು."

ಇಂದ್ರೇಶ ಯಂತ್ರದ ಕಡೆಗೆ ತಿರುಗಿ, ಆಡಿದ್ದನ್ನು ಮತ್ತೆ ತೋರಿಸುವ ಗುಂಡಿ ಒತ್ತಿದ. ಗೊಂಬೆ ದೊಣ್ಣೆ ಹಿಡಿದು ನಿಂತಿತ್ತು. ಮತ್ತೆ ಒತ್ತಿದ. ನಿಂತೇ ಇತ್ತು. ಗುರುಗಳ ಮುದಿಗೈಯಲ್ಲಿ ಏಟಿಗೂ ನಡುಕಕ್ಕೂ ಅಳತೆಯಲ್ಲಿ ವ್ಯತ್ಯಾಸವೇ ಉಳಿದಿರಲಿಲ್ಲ. ನಡುಕವನ್ನು ಮುಚ್ಚಲು ಹೋಗಿ ಅವನು ಏಟನ್ನೂ ಮುಚ್ಚಿಬಿಟ್ಟಿದ್ದ.

ಹೇಗಿತ್ತು, ಎಲ್ಲಿಂದ ಬಂತು, ತೋರಿಸಿ ಎಂದು ಕೆಂಪಾಜಮ್ಮನನ್ನು ಅಂಗಲಾಚಿದ. ಅವರು ಕೈ ಎತ್ತಿ ಹಿಂಗೆ ಬಂತು ಎಂದರು. ಆಮೇಲೆ ಹಿಂಗೆ... ಕೈ ಅಲ್ಲೇ ಇಳಿದುಹೋಯಿತು. ಅವರು ಹುಟ್ಟಿದಾರಭ್ಯ ದೊಣ್ಣೆ ಹಿಡಿದವರಲ್ಲ. ನಂಗೇನು ಗೊತ್ತಾಗ್ತದಪ್ಪ ಎಂದು ಅತ್ತರು.

ಅವನು ಟಿ.ವಿ. ಆರಿಸಿದ. ಗುರುಗಳ ಕಾಲ ಬಳಿ ಕೂತು, ಇನ್ನೊಂದೇ ಒಂದು ಸಲ, ಈಗ ನಿಮ್ಮನ್ನು ಬಿಟ್ಟು ಬೇರೇನೂ ನೋಡುವುದಿಲ್ಲ ಎಂದು ಬೇಡಿದ. ಗುರುಗಳು ಆಗಲಿ ಎಂದರು. ಕಂಬ ಹಿಡಿದು ಎದ್ದರು. ಕೈ ಎತ್ತಿದರು. ಅದು ಸೊಂಟದವರೆಗೆ ಬಂದು, ಅದುರಿ ಅದುರಿ, ಕೆಳಗೆ ಬಿತ್ತು. ಮತ್ತೆ ಎತ್ತಿದರು. ಮತ್ತೆ ಬಿತ್ತು. ಅವನು ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದ. ನೋಡುವುದಕ್ಕೆ ಏನೂ ಇರಲಿಲ್ಲ.

ಸಾಕು ಎಂದು ಅವನೇ ಅವರ ಕೈ ಹಿಡಿದು ಕೂರಿಸಿದ. ಆ ವರಸೆ ಇನ್ನು ಎಲ್ಲಿಯೂ ಇಲ್ಲ ಎಂದು ಇಬ್ಬರಿಗೂ ಗೊತ್ತಾಗಿತ್ತು. ನದಿಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಇಂದ್ರೇಶನಿಗೆ ಅಳಲೂ ಆಗಲಿಲ್ಲ.

ಅವನು ಕೇಳಿದ.

"ಇಷ್ಟು ದಿನ ನಿಲ್ಲದ ಕೈ ಆಗ ಹೇಗೆ ನಿಂತಿತು ಗುರುಗಳೇ?"

ಗುರುಗಳು ಅವನ ಮುಖ ನೋಡಿದರು. ಕೋಪವಿರಲಿಲ್ಲ.

"ನೋಡೋಣ ಅಂದೆಯಲ್ಲಪ್ಪ. ನೀನು ನೋಡ್ತಿದ್ದೀಯ ಅಂದ್ಕೊಂಡೆ. ಅದಕ್ಕೇ ನಿಂತಿತು."